ರಾಬಿನ್ ಹುಡ್ ನಿಜಕ್ಕೂ ಇದ್ದನೇ?

ಓದುಗರ ಪ್ರಶ್ನೆ: ಶೆರ್ವುಡ್ ಕಾಡಿನ ರಾಬಿನ್ ಹುಡ್ ಬರೀ ಕಟ್ಟುಕತೆಯೇ? ಅಥವಾ ಅವನ ಹಿಂದೆ ನಿಜವಾದ ಮನುಷ್ಯನೊಬ್ಬ ಇದ್ದನೇ?

ಉತ್ತರ: ಆ ಹೆಸರಿನವರು ಇದ್ದರು, ಅದೂ ಹಲವರು. ತೊಡಕು ಇರುವುದೇ ಅಲ್ಲಿ. ಮಧ್ಯಯುಗದ ಇಂಗ್ಲೆಂಡಿನಲ್ಲಿ ರಾಬರ್ಟ್ ಎಂಬ ಹೆಸರಿಗೆ ಬರವಿರಲಿಲ್ಲ; ರಾಬಿನ್ ಎಂದರೆ ಅದೇ ಹೆಸರಿನ ಮುದ್ದಿನ ರೂಪ. ಹುಡ್ ಕೂಡ ಅಪರೂಪದ ಅಡ್ಡಹೆಸರಲ್ಲ. ಹಳೆಯ ಕಡತದಲ್ಲಿ ಹೆಸರು ಕಂಡಿತೆಂದು ಆಸಾಮಿ ಸಿಕ್ಕಿದ ಎಂದು ಕುಣಿಯುವಂತಿಲ್ಲ.

ಸಿನಿಮಾಗಳು ಹೇಳಿಕೊಟ್ಟ ರಾಜ ರಿಚರ್ಡನ ಕಾಲವನ್ನು ಮೊದಲು ಬದಿಗಿಡೋಣ. ರಾಬಿನ್‌ನನ್ನು ಆ ಕಾಲಕ್ಕೆ ತಂದು ಕೂರಿಸಿದವನು ಸ್ಕಾಟ್ಲೆಂಡಿನ ಇತಿಹಾಸಕಾರ ಜಾನ್ ಮೇಜರ್, ಅದೂ 1521ರಲ್ಲಿ. ರಿಚರ್ಡ್ ಸತ್ತು ಆಗಲೇ ಮುನ್ನೂರು ವರ್ಷ ದಾಟಿತ್ತು. 1598ರಲ್ಲಿ ಲಂಡನ್ನಿನ ನಾಟಕಕಾರ ಆಂಟನಿ ಮಂಡೇ ಅವನಿಗೆ ಹಂಟಿಂಗ್ಟನ್ ಅರ್ಲ್ ಪಟ್ಟವನ್ನೂ ಕಟ್ಟಿದ. ಹಳೆಯ ಲಾವಣಿಗಳ ರಾಬಿನ್ ಶ್ರೀಮಂತ ಮನೆತನದವನೇ ಅಲ್ಲ. ಅವುಗಳಲ್ಲಿ ಅತಿ ದೀರ್ಘವಾದದ್ದರಲ್ಲಿ ರಾಜನ ಹೆಸರು ಎಡ್ವರ್ಡ್. ರಾಬಿನ್ ಹೆಚ್ಚಾಗಿ ಹೊಂಚು ಹಾಕುವುದು ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್‌ನಲ್ಲಿ.

ಈ ಎಡ್ವರ್ಡ್‌ನ ಜಾಡು ಹಿಡಿದವನು ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಇತಿಹಾಸ ಸಂಶೋಧಕ ಜೋಸೆಫ್ ಹಂಟರ್. ಎರಡನೆಯ ಎಡ್ವರ್ಡ್ 1323ರಲ್ಲಿ ಉತ್ತರದ ಸೀಮೆಯಲ್ಲಿ ಸಂಚಾರ ಮಾಡಿದ್ದ. ಮರುವರ್ಷದ ಅರಮನೆ ಲೆಕ್ಕದಲ್ಲಿ ರಾಬಿನ್ ಹೋಡ್ ಎಂಬ ಸೇವಕನಿಗೆ ಸಂಬಳ ಕೊಟ್ಟ ದಾಖಲೆಯಿದೆ. ಲಾವಣಿಯಲ್ಲೂ ರಾಜ ನಾಟಿಂಗ್‌ಹ್ಯಾಮ್‌ಗೆ ಬಂದು ರಾಬಿನ್‌ನನ್ನು ಕ್ಷಮಿಸಿ ಚಾಕರಿಗೆ ಕರೆದುಕೊಂಡು ಹೋಗುತ್ತಾನೆ. 1852ರಲ್ಲಿ ಇದು ಹೇಳಿ ಮಾಡಿಸಿದಂತೆ ಕಂಡಿತು. ಆದರೆ ರಾಜ ನಾಟಿಂಗ್‌ಹ್ಯಾಮ್ ತಲುಪುವ ಮೊದಲೇ ಈ ಸೇವಕ ಅರಮನೆಯ ಸಂಬಳದಲ್ಲಿದ್ದ ಎಂದು ಮುಂದೆ ಮತ್ತೊಂದು ಲೆಕ್ಕದ ಹಾಳೆ ತೋರಿಸಿತು. ಹಂಟರನ ಸೊಗಸಾದ ಕತೆ ಅಲ್ಲಿಗೆ ಮುಗಿಯಿತು.

ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತ್ಯಂತ ಬೆಲೆಯುಳ್ಳ ಸಾಕ್ಷ್ಯ 1262ರದು, ಅದರಲ್ಲಿ ರಾಬಿನ್ ಇಲ್ಲದಿದ್ದರೂ. ಬರ್ಕ್‌ಷೈರಿನಲ್ಲಿ ವಿಲಿಯಂ ಎಂಬ ಆರೋಪಿ ತಲೆಮರೆಸಿಕೊಂಡಿದ್ದ. ಅಪ್ಪಣೆಯಿಲ್ಲದೆ ಅವನ ಸೊತ್ತನ್ನು ಎತ್ತಿಕೊಂಡ ಸ್ಯಾಂಡಲ್‌ಫರ್ಡ್ ಮಠಾಧಿಪತಿಗೆ ದಂಡ ಬಿದ್ದಿತು. ಮೂಲ ದಾಖಲೆಯಲ್ಲಿ ಆರೋಪಿಯ ಹೆಸರು ‘ಕಮ್ಮಾರ ರಾಬರ್ಟನ ಮಗ ವಿಲಿಯಂ’. ಆ ದಂಡವನ್ನು ಮನ್ನಾ ಮಾಡಿದ ಖಜಾನೆಯ ದಾಖಲೆಯಲ್ಲಿ ಗುಮಾಸ್ತ ಬರೆದದ್ದು ‘ವಿಲಿಯಂ ರಾಬೆಹೋಡ್’. ಅಪ್ಪನ ಹೆಸರು ರಾಬರ್ಟ್, ಮಗ ಪರಾರಿಯಾದ ಕಳ್ಳ. ಅಷ್ಟು ಸಾಕಾಯಿತು, ಗುಮಾಸ್ತ ಈ ಬಿರುದು ಅಂಟಿಸಿಬಿಟ್ಟ. ಅವನಿಗೆ ಇದು ತಮಾಷೆಯಾಗಿತ್ತೋ ವಾಡಿಕೆಯಾಗಿತ್ತೋ, ಕತೆಯಂತೂ ಆಗಲೇ ಅವನ ಕಿವಿಗೆ ಬಿದ್ದಿದ್ದಿರಬೇಕು. ಇತಿಹಾಸಕಾರ ಡೇವಿಡ್ ಕ್ರುಕ್ ಇದನ್ನು ಬೆಳಕಿಗೆ ತಂದ ಮೇಲೆ ಲೆಕ್ಕಾಚಾರವೇ ಬದಲಾಯಿತು.

ಏಕೆಂದರೆ ನಿಜವಾದ ರಾಬಿನ್ 1262ಕ್ಕಿಂತ ಹಿಂದಿನವನಾಗಿರಬೇಕು. ಹಂಟರನ ಸೇವಕ ಈ ಲೆಕ್ಕದಲ್ಲೂ ಹೊರಬೀಳುತ್ತಾನೆ. 1265ರ ಈವ್‌ಶಮ್ ಯುದ್ಧದ ನಂತರ ಶೆರ್ವುಡ್ಡಿನಲ್ಲಿ ನಿಜವಾಗಿಯೂ ದರೋಡೆಗಿಳಿದ ರೋಜರ್ ಗಾಡ್‌ಬರ್ಡ್ ಎಷ್ಟೇ ಒಪ್ಪುವಂತಿದ್ದರೂ ಹೊತ್ತು ಮೀರಿ ಬಂದವನು.

ಜರಡಿಯಲ್ಲಿ ಉಳಿಯುವವನು ರಾಬರ್ಟ್ ಹೋಡ್. 1226ರ ಯಾರ್ಕ್‌ಷೈರಿನ ಲೆಕ್ಕಪತ್ರ ಅವನನ್ನು ಪರಾರಿ ಎಂದು ಕರೆದು, ಜಪ್ತಿಯಾದ ಸೊತ್ತಿನ ಬೆಲೆ 32 ಶಿಲ್ಲಿಂಗ್ 6 ಪೆನ್ಸ್ ಎಂದು ಹೇಳುತ್ತದೆ. ಮರುವರ್ಷ ಅವನೇ ‘ಹಾಬೆಹೋಡ್’ ಆಗಿದ್ದಾನೆ. ಆ ಹೊತ್ತಿನಲ್ಲಿ ಯಾರ್ಕ್‌ಷೈರಿನ ಶೆರಿಫ್ ಕೆಲಸ ನೋಡಿಕೊಂಡ ಲೌಡ್‌ಹ್ಯಾಮ್‌ನ ಯೂಸ್ಟಸ್ ಮುಂದೆ ನಾಟಿಂಗ್‌ಹ್ಯಾಮ್‌ಷೈರಿಗೂ ಶೆರಿಫ್ ಆದ; ಕತೆಯಲ್ಲಿ ರಾಬಿನ್‌ನ ವೈರಿಯೂ ನಾಟಿಂಗ್‌ಹ್ಯಾಮಿನ ಶೆರಿಫ್, ಎಂದರೆ ಅಲ್ಲಿನ ರಾಜಾಧಿಕಾರಿ. ಪಣ ಕಟ್ಟಲೇಬೇಕಾದರೆ ನಾನು ಈ ರಾಬರ್ಟ್ ಹೋಡ್‌ನ ಮೇಲೆ ಕಟ್ಟುತ್ತೇನೆ, ಆದರೆ ಸಣ್ಣ ಮೊತ್ತ. ಅವನು ಮಾಡಿದ ಅಪರಾಧವೇನು, ಬಿಲ್ಲು ಹಿಡಿಯಲು ಬರುತ್ತಿತ್ತೇ, ಯಾರಿಗಾದರೂ ಬಿಡಿಗಾಸು ದಾನ ಮಾಡಿದನೇ, ಯಾವುದೂ ಅಲ್ಲಿ ಬರೆದಿಲ್ಲ. ಖಜಾನೆಯವರಿಗೆ ಬೇಕಾಗಿದ್ದದ್ದು ಬಾಕಿ ಹಣ ಮಾತ್ರ.