ಎಲ್ಲಾ ಕಡೆ ಸಮುದ್ರ ಹಿಂದೆ ಸರಿಯಲಿಲ್ಲ

ಸುನಾಮಿ ಬರುವ ಮೊದಲು ಸಮುದ್ರ ಹಿಂದಕ್ಕೆ ಹೋಗುತ್ತದೆ ಅಂತ ಶಿವಮೊಗ್ಗದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮಕ್ಕಳನ್ನು ಮುರುಡೇಶ್ವರಕ್ಕೆ ಕರೆದುಕೊಂಡು ಹೋದಾಗಲೂ ನಾವು ಹೇಳಿಕೊಡುವುದು ಇದನ್ನೇ. ಇದು ಅರ್ಧ ಸತ್ಯ. ಇನ್ನರ್ಧ ಗೊತ್ತಿಲ್ಲದೇ ಹೋದರೆ ಜೀವಕ್ಕೇ ಅಪಾಯ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2004 ಬಹಳ ದೊಡ್ಡ ವರ್ಷ. ಜನವರಿಯಲ್ಲಿ ಸ್ಪಿರಿಟ್, ಆಪರ್ಚುನಿಟಿ ಎಂಬ ಎರಡು ರೋವರ್‌ಗಳು ಮಂಗಳನ ಮೇಲೆ ಇಳಿದವು. ಜುಲೈನಲ್ಲಿ ಕ್ಯಾಸಿನಿ ನೌಕೆ ಶನಿಯನ್ನು ಸುತ್ತಲು ಶುರು ಮಾಡಿತು. ಆಗಸ್ಟಿನಲ್ಲಿ ಅಥೆನ್ಸ್ ಒಲಿಂಪಿಕ್ಸ್. ಅದಕ್ಕೂ ಮೊದಲು, ಜೂನ್ 8ರಂದು, ಶುಕ್ರ ಗ್ರಹ ಸೂರ್ಯನ ಮೇಲೆ ಕಪ್ಪು ಚುಕ್ಕೆಯಾಗಿ ಹಾದುಹೋಯಿತು. ಅಂಥದ್ದು ಹಿಂದೆ ಕಂಡಿದ್ದು 1882ರಲ್ಲಿ. ಜೂನ್ ತಿಂಗಳ ಮಲೆನಾಡಿನ ಆಕಾಶ ಹೇಗಿರುತ್ತದೆ ಅಂತ ನಿಮಗೇ ಗೊತ್ತು, ಇಂಥದ್ದನ್ನು ನೋಡಬೇಕಾದರೆ ಮೋಡ ಸರಿಯುವುದನ್ನೇ ಕಾಯುತ್ತಾ ಕೂರಬೇಕು. ಇಷ್ಟೆಲ್ಲ ನಡೆದ ವರ್ಷವನ್ನು ಡಿಸೆಂಬರ್ 26ರ ಒಂದು ಭಾನುವಾರ ನುಂಗಿಹಾಕಿತು. ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಬಳಿ ಸಮುದ್ರದಡಿ ಭೂಕಂಪವಾಗಿ ಎದ್ದ ಸುನಾಮಿಗೆ 14 ದೇಶಗಳಲ್ಲಿ ಸುಮಾರು 2.27 ಲಕ್ಷ ಜನ ಸತ್ತರು. ನಮ್ಮ ದೇಶದಲ್ಲಿ ಹೆಚ್ಚು ಜೀವ ಹೋಗಿದ್ದು ತಮಿಳುನಾಡಿನ ನಾಗಪಟ್ಟಣದ ಕರಾವಳಿಯಲ್ಲಿ ಮತ್ತು ನಿಕೋಬಾರ್ ದ್ವೀಪಗಳಲ್ಲಿ.

ಅವತ್ತು ಹುಣ್ಣಿಮೆ. ಅಷ್ಟು ಸಾಕಾಯಿತು, ಹುಣ್ಣಿಮೆಯ ಚಂದ್ರನೇ ಕಾರಣ ಅಂದರು, ಜೂನ್‌ನ ಶುಕ್ರನನ್ನೂ ಎಳೆದು ತಂದರು. ಈ ಮಾತು ಇವತ್ತಿಗೂ ಮೊಬೈಲಿನಿಂದ ಮೊಬೈಲಿಗೆ ಓಡಾಡುತ್ತಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ವರ್ಷಕ್ಕೆ ಹನ್ನೆರಡೋ ಹದಿಮೂರೋ ಹುಣ್ಣಿಮೆ ಬರುತ್ತವೆ, ಅಷ್ಟೇ ಅಮಾವಾಸ್ಯೆ. ಸೆಳೆತ ಎರಡರಲ್ಲೂ ಜೋರೇ. ನೆಲದೊಳಗೆ ಮೊದಲೇ ತುಂಬಿಕೊಂಡ ಒತ್ತಡಕ್ಕೆ ಚಂದ್ರನ ಸೆಳೆತ ಕೊನೆಯ ಸಣ್ಣ ತಳ್ಳು ಕೊಡಬಹುದೇ ಅಂತ ಸಂಶೋಧಕರು ಹುಡುಕಿದ್ದುಂಟು. ಆದರೆ ಒತ್ತಡ ತುಂಬಿಸುವುದು ಚಂದ್ರನೂ ಅಲ್ಲ, ಶುಕ್ರನೂ ಅಲ್ಲ. ಅದು ನಮ್ಮ ಕಾಲ ಕೆಳಗಿನ ನೆಲದ್ದೇ ಕೆಲಸ.

ಅದು ಹೇಗೆ ಅಂತ ನೋಡಬೇಕಾದರೆ ತೋಟದಿಂದ ಒಂದು ಅಡಿಕೆ ಹಾಳೆ ತನ್ನಿ. ಪೂರ್ತಿ ಒಣಗಿದ್ದು ಬೇಡ, ಮುರಿಯುತ್ತದೆ. ನೆಲದ ಮೇಲೆ ಉದ್ದಕ್ಕೆ ಹಾಸಿ, ಆ ಕಡೆಯ ತುದಿಯನ್ನು ಯಾರಾದರೂ ಕಾಲಲ್ಲಿ ಮೆಟ್ಟಿ ಹಿಡಿಯಲಿ. ಈ ಕಡೆಯ ಅಂಚನ್ನು ನೀವು ಅಂಗೈಯಲ್ಲಿ ಕೆಳಕ್ಕೆ ಒತ್ತುತ್ತಾ ನಿಧಾನವಾಗಿ ಮುಂದಕ್ಕೆ ದೂಡಿ. ಅಂಚು ನೆಲಕ್ಕೆ ಕಚ್ಚಿಕೊಂಡಿರುತ್ತದೆ, ನಡುಭಾಗ ಗೂನಿನ ಹಾಗೆ ಮೇಲೇಳುತ್ತದೆ. ಈಗ ಕೈ ಬಿಡಿ. ಅಂಚು ಚಟ್ಟನೆ ಮೇಲಕ್ಕೆ ಹಾರುತ್ತದೆ, ಅದೇ ಕ್ಷಣದಲ್ಲಿ ನಡುವಿನ ಗೂನು ಕೆಳಗೆ ಕೂರುತ್ತದೆ. ಒಂದು ಕಡೆ ಏರಿಕೆ, ಇನ್ನೊಂದು ಕಡೆ ಇಳಿತ, ಎರಡೂ ಒಟ್ಟಿಗೆ. ಇದಿಷ್ಟು ನೆನಪಿಟ್ಟುಕೊಳ್ಳಿ.

ಸುಮಾತ್ರಾದಿಂದ ಅಂಡಮಾನ್‌ವರೆಗೆ ಸಮುದ್ರದ ತಳದಲ್ಲಿ ಭಾರತದ ಭೂಫಲಕ (ಭೂಮಿಯ ಹೊರಚಿಪ್ಪಿನ ಒಂದು ದೊಡ್ಡ ತುಂಡು) ಪಶ್ಚಿಮದಿಂದ ಬಂದು ಬರ್ಮಾ ಫಲಕದ ಕೆಳಗೆ ನುಗ್ಗುತ್ತಿದೆ, ವರ್ಷಕ್ಕೆ ಕೆಲವೇ ಸೆಂಟಿಮೀಟರ್. ಎರಡೂ ಕಚ್ಚಿಕೊಂಡಿರುವ ಕಡೆ ಮೇಲಿನ ಫಲಕದ ಪಶ್ಚಿಮದ ಅಂಚನ್ನು ಕೆಳಗಿನ ಫಲಕ ತನ್ನ ಜೊತೆ ಕೆಳಕ್ಕೆ ಎಳೆದುಕೊಂಡು ಹೋಗುತ್ತದೆ. ಅದರ ಹಿಂದಿನ ಭಾಗ ಉಬ್ಬುತ್ತದೆ. ನೂರಾರು ವರ್ಷ ಹೀಗೇ ಸಾಗಿ, ಅವತ್ತು ಬೆಳಿಗ್ಗೆ ನಮ್ಮ ಗಡಿಯಾರದಲ್ಲಿ 6 ಗಂಟೆ 29 ನಿಮಿಷದ ಹೊತ್ತಿಗೆ ಹಿಡಿತ ಬಿಟ್ಟಿತು. ಸೀಳು ಸುಮಾರು 1,200 ಕಿಲೋಮೀಟರ್ ಉದ್ದಕ್ಕೂ ಬಿಟ್ಟುಕೊಳ್ಳುತ್ತಾ ಹೋಗಲು ಎಂಟು ಹತ್ತು ನಿಮಿಷವೇ ಹಿಡಿಯಿತು. ಭೂಕಂಪದ ಪ್ರಮಾಣ 9.1 ಅಂತ ಆಮೇಲೆ ಲೆಕ್ಕ ಸಿಕ್ಕಿತು.

ಸಾಕ್ಷಿ ಬೇಕಾದರೆ ನಮ್ಮದೇ ದ್ವೀಪಗಳಲ್ಲಿದೆ. ಅಂಡಮಾನ್‌ನ ಪಶ್ಚಿಮ ತೀರದಲ್ಲಿ ಹವಳದ ದಿಬ್ಬಗಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಸತ್ತುಹೋದವು. ತೀರಾ ದಕ್ಷಿಣದ ಇಂದಿರಾ ಪಾಯಿಂಟ್‌ನಲ್ಲಿ ನೆಲ ನಾಲ್ಕು ಮೀಟರಿಗಿಂತ ಜಾಸ್ತಿ ಕುಸಿದು, ದಡದಲ್ಲಿದ್ದ ದೀಪಸ್ತಂಭದ ಬುಡಕ್ಕೆ ನೀರು ಬಂತು. ಏರಿದ್ದು, ಇಳಿದಿದ್ದು, ಹಾಳೆಯಲ್ಲಿ ಕಂಡ ಎರಡೂ ಇಲ್ಲಿವೆ.

ನೆಲ ಹೇಗೆ ಆಯಿತೋ ಮೇಲಿನ ನೀರೂ ಹಾಗೇ ಆಯಿತು. ಪಶ್ಚಿಮಕ್ಕೆ, ಅಂದರೆ ಶ್ರೀಲಂಕಾ ಮತ್ತು ತಮಿಳುನಾಡಿನ ಕಡೆಗೆ, ಹೊರಟ ಅಲೆಯ ಮುಂದಿನ ಭಾಗ ಉಬ್ಬು. ಪೂರ್ವಕ್ಕೆ ಥಾಯ್ಲೆಂಡಿನ ಕಡೆ ಹೊರಟಿದ್ದರ ಮುಂದಿನ ಭಾಗ ತಗ್ಗು. ಥಾಯ್ಲೆಂಡಿನ ಫುಕೆಟ್‌ನಲ್ಲಿ ಸಮುದ್ರ ಮೊದಲು ಹಿಂದಕ್ಕೆ ಹೋಯಿತು, ಜನ ಬರಿದಾದ ಮರಳಿನ ಮೇಲೆ ನೋಡಲು ಇಳಿದರು. ಆ ವಿಡಿಯೋಗಳನ್ನು ಪ್ರಪಂಚವೆಲ್ಲ ನೋಡಿತು, ನಾವೂ ಅದನ್ನೇ ನೋಡಿ ಕಲಿತೆವು. ನಮ್ಮ ಪೂರ್ವ ಕರಾವಳಿಗೆ ಮಾತ್ರ ಮೊದಲು ಬಂದಿದ್ದೇ ಏರುವ ನೀರು. ಆಮೇಲೆ ಹಿಂದಕ್ಕೆ ಹೋಯಿತು, ಮತ್ತೆ ಬಂತು. ಸಮುದ್ರ ಸರಿಯಲಿ, ಆಗ ಓಡೋಣ ಅಂತ ಅಲ್ಲಿ ಕಾದು ನಿಂತವನಿಗೆ ಓಡಲು ಹೊತ್ತೇ ಇರುತ್ತಿರಲಿಲ್ಲ, ಅಲ್ವಾ?

ಅಲೆಯ ವೇಗ ನೀರಿನ ಆಳವನ್ನು ನೋಡಿಕೊಂಡಿರುತ್ತದೆ. 4,000 ಮೀಟರ್ ಆಳದಲ್ಲಿ ಗಂಟೆಗೆ 700 ಕಿಲೋಮೀಟರ್, ದಡದ ಹತ್ತಿರ 10 ಮೀಟರ್ ಆಳದಲ್ಲಿ 36 ಕಿಲೋಮೀಟರ್ ಅಷ್ಟೇ. ಮುಂದಿನದು ನಿಧಾನವಾದಾಗ ಹಿಂದಿನ ನೀರು ಬಂದು ಒತ್ತಿಕೊಂಡು ಎತ್ತರವಾಗುತ್ತದೆ. ಭೂಕಂಪ ಆಗಿ ಎರಡು ಗಂಟೆಗೆ ಜೇಸನ್-1 ಉಪಗ್ರಹ ಮೇಲಿಂದ ಅಳೆದಾಗ ನಡುಸಮುದ್ರದಲ್ಲಿ ಅಲೆಯ ಎತ್ತರ ಬರೀ 60 ಸೆಂಟಿಮೀಟರ್ ಇತ್ತು. ಆಳ ಸಮುದ್ರದಲ್ಲಿ ದೋಣಿಯಲ್ಲಿದ್ದವರಿಗೆ ಗೊತ್ತೂ ಆಗದಷ್ಟು. ಅದೇ ಅಲೆ ಸುಮಾತ್ರಾದ ಅಚೇ ತೀರದಲ್ಲಿ ಕೆಲವು ಕಡೆ 30 ಮೀಟರಿಗೂ ಎತ್ತರಕ್ಕೆ ಏರಿತು. ಆಗುಂಬೆಯ ತನಕ ಬರುತ್ತದಾ ಅಂತ ಕೇಳುವವರಿದ್ದಾರೆ. ಆಗುಂಬೆ ಇರುವುದು 600 ಮೀಟರಿಗಿಂತ ಮೇಲೆ, ನೆಮ್ಮದಿಯಾಗಿರಿ.

ಚೆನ್ನೈಗೆ ನೀರು ಬಂದಿದ್ದು ಬೆಳಿಗ್ಗೆ 9ರ ಸುಮಾರಿಗೆ. ನಡುವೆ ಎರಡೂವರೆ ಗಂಟೆ ಇತ್ತು! ನನ್ನನ್ನು ಇವತ್ತಿಗೂ ಕಾಡುವುದು ಈ ಎರಡೂವರೆ ಗಂಟೆ. ಹವಾಯಿಯ ಎಚ್ಚರಿಕೆ ಕೇಂದ್ರದವರು 15 ನಿಮಿಷದಲ್ಲಿ ಭೂಕಂಪದ ಸುದ್ದಿ ಹೊರಡಿಸಿದ್ದರು, ಆದರೆ ಮೊದಲ ಅಂದಾಜು 8.0 ಮಾತ್ರ. ಅವರ ಕೆಲಸ ಪೆಸಿಫಿಕ್ ಸಾಗರದ್ದು. ಹಿಂದೂ ಮಹಾಸಾಗರಕ್ಕೆ ಅಂಥ ವ್ಯವಸ್ಥೆಯೇ ಇರಲಿಲ್ಲ. ಹೈದರಾಬಾದಿನಲ್ಲಿ ನಮ್ಮ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾಗಿದ್ದು 2007ರಲ್ಲಿ.

ಸೀಳಿನ ಪಕ್ಕದಲ್ಲೇ ಇರುವ ಸಿಮೆಲ್ಯು ದ್ವೀಪದಲ್ಲಿ ಸುಮಾರು 78,000 ಜನರಿದ್ದರು. ಸತ್ತವರು ಏಳು ಮಂದಿ. ಅಲ್ಲಿಗೆ 1907ರಲ್ಲಿ ಸುನಾಮಿ ಬಂದಿತ್ತು. ನೆಲ ಜೋರಾಗಿ ನಡುಗಿದರೆ ಗುಡ್ಡ ಹತ್ತಿ ಅಂತ ಅಜ್ಜ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದರು. ಮೂಢನಂಬಿಕೆಯನ್ನು ಬೈಯುವ ಭರದಲ್ಲಿ ಹಿರಿಯರ ಮಾತನ್ನೆಲ್ಲ ಒಂದೇ ಬುಟ್ಟಿಗೆ ಹಾಕುವವರು ಇದನ್ನು ನೋಡಬೇಕು. ಆ ಅಜ್ಜಿಯರು ಹೇಳಿದ್ದು ಕಣ್ಣಾರೆ ಕಂಡಿದ್ದನ್ನು, ನಡುಗುವ ನೆಲಕ್ಕೂ ಬರುವ ನೀರಿಗೂ ಇರುವ ನಂಟನ್ನು.

ನಮ್ಮ ಕಡೆಯ ಸಮುದ್ರದ ವಿಷಯಕ್ಕೆ ಬರೋಣ. 2004ರ ಅಲೆ ಶ್ರೀಲಂಕಾವನ್ನು ಬಳಸಿ ತಿರುಗಿ ಕೇರಳಕ್ಕೂ ಹೊಡೆಯಿತು, ಕೊಲ್ಲಂನ ಆಲಪ್ಪಾಡ್‌ನಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಅರಬ್ಬಿ ಸಮುದ್ರಕ್ಕೆ ತನ್ನದೇ ಆದ ಸೀಳೂ ಇದೆ, ಪಾಕಿಸ್ತಾನ ಮತ್ತು ಇರಾನ್‌ನ ಮಕ್ರಾನ್ ತೀರದ ಪಕ್ಕ. 1945ರ ನವೆಂಬರ್‌ನಲ್ಲಿ ಅದು ಜಾರಿದಾಗ ಅಲೆ ಕಚ್ಛ್ ಮತ್ತು ಮುಂಬೈವರೆಗೆ ಬಂದಿತ್ತು. ಅಲ್ಲಿ ಅರೇಬಿಯಾದ ಫಲಕ ಉತ್ತರಕ್ಕೆ ನುಗ್ಗುತ್ತದೆ. ಹಾಗಾಗಿ ಚಟ್ಟನೆ ಏಳುವ ಅಂಚು ಇರುವುದು ದಕ್ಷಿಣಕ್ಕೆ, ತೆರೆದ ಸಮುದ್ರದ ಕಡೆಗೆ. ಅಲ್ಲಿಂದ ಭಟ್ಕಳ, ಕುಂದಾಪುರದ ಕಡೆಗೆ ಅಲೆ ಬಂದರೆ ಮೊದಲು ಬರುವುದು ಉಬ್ಬೇ ಆಗುವ ಸಾಧ್ಯತೆ ಜಾಸ್ತಿ. ಅಷ್ಟು ದೂರದ ನಡುಕ ಕಾಲಿಗೆ ತಾಗದೇ ಇರಬಹುದು. ಆಗ ಮರಳು ಬರಿದಾಗುವುದನ್ನು ಕಾಯಬೇಡಿ, ಎಚ್ಚರಿಕೆ ಬಂದ ತಕ್ಷಣ ಮಕ್ಕಳನ್ನು ಕರೆದುಕೊಂಡು ಎತ್ತರದ ಜಾಗಕ್ಕೆ ಹತ್ತಿ.