ಸಿಟ್ಟು ಗುಂಡಿನದ್ದಾ, ಸೋಲಿನದ್ದಾ?

ಕಾಲೇಜು ಹುಡುಗನೊಬ್ಬ ಸ್ವಲ್ಪ ಹೊತ್ತು ವಿಡಿಯೋ ಗೇಮ್ ಆಡುತ್ತಾನೆ. ಆಮೇಲೆ ಅವನ ಮುಂದೆ ಬೇರೆ ಬೇರೆ ಖಾರದ ಸಾಸ್‌ಗಳನ್ನು ಇಡುತ್ತಾರೆ. 'ಇನ್ನೊಬ್ಬರು ಇದನ್ನು ತಿನ್ನಬೇಕು, ಅವರಿಗೆ ಖಾರ ಆಗಿಬರುವುದಿಲ್ಲ, ನೀನೇ ಬಡಿಸು' ಅನ್ನುತ್ತಾರೆ. ಎಷ್ಟು ಖಾರದ್ದು, ಎಷ್ಟು ಪ್ರಮಾಣ ಅನ್ನುವುದು ಅವನಿಗೇ ಬಿಟ್ಟದ್ದು. ತಿನ್ನುವವರು ನಿಜವಾಗಿ ಯಾರೂ ಇಲ್ಲ. ಅವನು ಹಾಕಿದ ಖಾರವೇ ಅವನ ಸಿಟ್ಟಿನ ಅಳತೆ.

ವಿಚಿತ್ರ ಅನ್ನಿಸಬಹುದು. ಆದರೆ ಪ್ರಯೋಗಾಲಯದಲ್ಲಿ ಯಾರಿಗಾದರೂ ಹೊಡೆಯಿರಿ ಅನ್ನಲಾಗುವುದಿಲ್ಲ ಅಲ್ವಾ? ಅದಕ್ಕೇ ವಿಜ್ಞಾನಿಗಳು ಇಂಥ ದಾರಿ ಹುಡುಕಿಕೊಂಡಿದ್ದಾರೆ. ಇನ್ನೊಂದು ದಾರಿ ಕಿವಿಗೆ ಬಿಡುವ ಕರ್ಕಶ ಸದ್ದು. ಗುಂಡಿಯನ್ನು ಮೊದಲು ಒತ್ತಿ ಗೆದ್ದವನು ಸೋತವನ ಕಿವಿಗೆ ಸದ್ದು ಬಿಡಬಹುದು. 2000ರಲ್ಲಿ ಅಮೆರಿಕದ ಕ್ರೇಗ್ ಆಂಡರ್ಸನ್ ಮತ್ತು ಕ್ಯಾರೆನ್ ಡಿಲ್ ಹೀಗೇ ಅಳೆದರು. ಗುಂಡು ಹಾರಿಸುವ 'ವುಲ್ಫೆನ್‌ಸ್ಟೈನ್ 3ಡಿ' ಆಡಿದವರು, ಒಗಟು ಬಿಡಿಸುವ 'ಮಿಸ್ಟ್' ಆಡಿದವರಿಗಿಂತ ತುಸು ಹೆಚ್ಚು ಹೊತ್ತು ಸದ್ದು ಬಿಟ್ಟರು. 1999ರಲ್ಲಿ ಅಮೆರಿಕದ ಕೊಲಂಬೈನ್ ಶಾಲೆಯಲ್ಲಿ ಗುಂಡಿನ ದಾಳಿ ನಡೆದು ಆಗಿನ್ನೂ ವರ್ಷವಾಗಿತ್ತು. 'ಗೇಮ್ ಆಡಿದರೆ ಹಿಂಸೆ ಬರುತ್ತದೆ' ಅನ್ನುವ ಮಾತು ಎಲ್ಲ ಕಡೆ ಹಬ್ಬಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೆನಡಾದ ಬ್ರಾಕ್ ವಿಶ್ವವಿದ್ಯಾಲಯದ ಪ್ರಯೋಗ. ಪಾಲ್ ಅಡಾಚಿ ಮತ್ತು ಟೀನಾ ವಿಲೋಬಿ 2011ರಲ್ಲಿ ಒಂದು ಸರಳ ಪ್ರಶ್ನೆ ಕೇಳಿದರು. ಹೊಡೆದಾಟದ ಗೇಮ್‌ನಲ್ಲಿ ಹಿಂಸೆಯೊಂದೇ ಇರುವುದಿಲ್ಲ, ಪೈಪೋಟಿಯೂ ಇರುತ್ತದೆ. ಸಿಟ್ಟು ಬರುವುದು ಯಾವುದರಿಂದ? ಹಿಂಸೆ ಇರುವ ಒಂದು ಗೇಮ್, ಹಿಂಸೆಯಿಲ್ಲದ ಒಂದು ಕಾರ್ ರೇಸ್ ತೆಗೆದುಕೊಂಡರು. ಪೈಪೋಟಿ, ಕಷ್ಟ, ವೇಗ ಎರಡರಲ್ಲೂ ಸಮ ಇರುವಂತೆ ಆರಿಸಿದ್ದರು. ಖಾರದ ಸಾಸ್‌ನಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಇನ್ನೊಂದು ಸುತ್ತಿನಲ್ಲಿ ನಾಲ್ಕು ಗೇಮ್ ಆಡಿಸಿದಾಗ, ಜಾಸ್ತಿ ಖಾರ ಹಾಕಿದವರು ಪೈಪೋಟಿಯ ಗೇಮ್ ಆಡಿದವರೇ. ಅದು ಹೊಡೆದಾಟವಾದರೂ ಸರಿ, ಕಾರ್ ರೇಸ್ ಆದರೂ ಸರಿ.

ಮೂರು ವರ್ಷದ ನಂತರ ಆಂಡ್ರ್ಯೂ ಶಿಬಿಲ್ಸ್ಕಿ ಮತ್ತು ಸಂಗಡಿಗರು ಟೆಟ್ರಿಸ್ ಕೈಗೆತ್ತಿಕೊಂಡರು. ಮೇಲಿನಿಂದ ಬೀಳುವ ಇಟ್ಟಿಗೆಗಳನ್ನು ಜೋಡಿಸುವ ಆಟ. ಗುಂಡಿಲ್ಲ, ರಕ್ತವಿಲ್ಲ. ಆಡುವವರು ಮೊದಲು 25 ಸೆಕೆಂಡ್ ಕೊರೆಯುವ ತಣ್ಣೀರಿನಲ್ಲಿ ಕೈ ಇಡಬೇಕಿತ್ತು. ಆಮೇಲೆ ಕೆಲವರಿಗೆ ಸರಿಯಾದ ಟೆಟ್ರಿಸ್, ಕೆಲವರಿಗೆ ಆಡಿಸುವ ಗುಂಡಿಗಳು ಅದಲುಬದಲಾದ ಟೆಟ್ರಿಸ್. ಕೊನೆಗೆ, ಮುಂದೆ ಬರುವವನು ಎಷ್ಟು ಹೊತ್ತು ತಣ್ಣೀರಿನಲ್ಲಿ ಕೈ ಇಡಬೇಕೆಂದು ಅವರೇ ಹೇಳಬೇಕು. ಕೆಟ್ಟ ಟೆಟ್ರಿಸ್ ಆಡಿ ತಲೆಕೆಟ್ಟವರು ಸುಮಾರು 10 ಸೆಕೆಂಡ್ ಜಾಸ್ತಿ ಹೇಳಿದರು!

ಇದನ್ನು ಓದಿದಾಗ ನನಗೆ ಅಣ್ಣನ ಮಗ ನೆನಪಾದ. ಹದಿಮೂರು ವರ್ಷ. ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ಊಟಕ್ಕೆ ಮೂರು ಸಲ ಕರೆದೆ, ಏಳಲಿಲ್ಲ. ನಾಲ್ಕನೇ ಸಲ ಮೊಬೈಲ್ ಕಿತ್ತುಕೊಂಡೆ. ಅವನು ತಟ್ಟೆ ತಳ್ಳಿ, 'ಚಿಕ್ಕಪ್ಪ, ಇನ್ನು ಆರೇ ಜನ ಉಳಿದಿದ್ರು!' ಅಂತ ಕಿರುಚಿದ. ಕಣ್ಣಲ್ಲಿ ನೀರಿತ್ತು. ಅವತ್ತು ನನಗೆ ಕಂಡಿದ್ದು ಬಂದೂಕಿನ ಗೇಮ್‌ನಿಂದ ಹಾಳಾದ ಹುಡುಗ. ನೂರು ಜನರಲ್ಲಿ ಕೊನೆಯ ಆರರವರೆಗೆ ಬಂದು, ಗೆಲ್ಲುವ ಹೊತ್ತಿಗೆ ಆಟ ಕಳೆದುಕೊಂಡ ಹುಡುಗ ನನಗೆ ಕಾಣಲೇ ಇಲ್ಲ.

ಹಾಗಾದರೆ ಹಿಂಸೆಯ ಗೇಮ್‌ನಿಂದ ಏನೂ ಆಗುವುದಿಲ್ಲವಾ? ಅಷ್ಟು ಸುಲಭವಾಗಿ ಹೇಳಲಾಗದು. 2018ರಲ್ಲಿ ಅಮೆರಿಕದ ಡಾರ್ಟ್‌ಮತ್‌ನ ಸಂಶೋಧಕರು 24 ಅಧ್ಯಯನಗಳನ್ನು, 17,000ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಒಟ್ಟಿಗೆ ನೋಡಿದರು. ಇಂಥ ಗೇಮ್ ಆಡುವ ಮಕ್ಕಳಲ್ಲಿ ಕಾಲ ಕಳೆದಂತೆ ಹೊಡೆದಾಟ ಹೆಚ್ಚಿದ್ದು ಕಂಡಿತು, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ. ಮರುವರ್ಷ ಶಿಬಿಲ್ಸ್ಕಿ ಮತ್ತು ನೆಟ್ಟಾ ವೈನ್‌ಸ್ಟೈನ್ ಬ್ರಿಟನ್ನಿನ 14–15 ವರ್ಷದ 1,004 ಮಕ್ಕಳನ್ನು ನೋಡಿದರು. ಮಕ್ಕಳ ನಡವಳಿಕೆ ಹೇಗಿದೆ ಎಂದು ಹೆತ್ತವರನ್ನೇ ಕೇಳಿದರು. ಆಮೇಲೆ ಬೇಕಾದಂತೆ ತಿರುಚಲು ಆಗಬಾರದೆಂದು, ಹೇಗೆ ಲೆಕ್ಕ ಹಾಕುತ್ತೇವೆ ಎಂದು ಮೊದಲೇ ಬರೆದಿಟ್ಟಿದ್ದರು. ಹಿಂಸೆಯ ಗೇಮ್‌ಗೂ ಮಕ್ಕಳ ಸಿಟ್ಟಿಗೂ ಅವರಿಗೆ ಸಂಬಂಧವೇ ಸಿಗಲಿಲ್ಲ. ಶಾಲೆಯಲ್ಲಿ ಗುಂಡು ಹಾರಿಸುವಂಥ ಕ್ರೌರ್ಯಕ್ಕೆ ಗೇಮ್ ಕಾರಣ ಅನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವೂ 2020ರಲ್ಲಿ ಹೇಳಿತು.

ಚಿಕ್ಕ ಮಕ್ಕಳ ವಿಷಯದಲ್ಲಿ ಮಾತ್ರ ನನಗೆ ಭಯವಿದೆ. 2019ರಲ್ಲಿ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ 8ರಿಂದ 12 ವರ್ಷದ ಮಕ್ಕಳಿಗೆ ಮೈನ್‌ಕ್ರಾಫ್ಟ್ ಗೇಮ್ ತೋರಿಸಿ, ಆಡಿಸಿದರು. ಕೆಲವರದ್ದರಲ್ಲಿ ಬಂದೂಕಿನ ಹಿಂಸೆ ಇತ್ತು, ಕೆಲವರದ್ದರಲ್ಲಿ ಹಿಂಸೆಯೇ ಇರಲಿಲ್ಲ. ಆಮೇಲೆ ಮಕ್ಕಳು ಆಟವಾಡುವ ಕೋಣೆಯ ಕಪಾಟಿನಲ್ಲಿ ಗುಂಡು ಹಾರದಂತೆ ಮಾಡಿದ ನಿಜವಾದ ಪಿಸ್ತೂಲು ಇಟ್ಟಿದ್ದರು. ಬಂದೂಕಿನ ಹಿಂಸೆ ನೋಡಿದ್ದ ಮಕ್ಕಳಲ್ಲಿ ಶೇ 62ರಷ್ಟು ಅದನ್ನು ಮುಟ್ಟಿದರು. ಹಿಂಸೆಯಿಲ್ಲದ್ದನ್ನು ನೋಡಿದವರಲ್ಲಿ ಶೇ 44. ಎಷ್ಟೋ ಮನೆಗಳಲ್ಲಿ ಬಂದೂಕಿರುವ ಆ ದೇಶಕ್ಕೆ ಇದು ಸಣ್ಣ ವ್ಯತ್ಯಾಸವಲ್ಲ. ಎಂಟು ವರ್ಷದ ಮಗು ನೋಡಿದ್ದನ್ನು ಮಾಡಿ ನೋಡುತ್ತದೆ. ಅದರ ಕೈಗೆ ದೊಡ್ಡವರ ಗೇಮ್ ಕೊಡಲೇಬಾರದು.

ನಮ್ಮಲ್ಲಿ ಚರ್ಚೆ ಸುಮ್ನೆ ರಕ್ತದ ಸುತ್ತವೇ ತಿರುಗುತ್ತದೆ. 2020ರ ಸೆಪ್ಟೆಂಬರ್‌ನಲ್ಲಿ ಇಂಥದೇ ಬಂದೂಕಿನ ಗೇಮ್ ಪಬ್‌ಜಿ ನಮ್ಮ ದೇಶದಲ್ಲಿ ನಿಷೇಧವಾದಾಗ ಹಲವು ತಾಯಂದಿರು ಸಮಾಧಾನಪಟ್ಟರು. ಸರ್ಕಾರ ಕೊಟ್ಟ ಕಾರಣ ಮಾಹಿತಿಯ ಸುರಕ್ಷತೆ, ಹಿಂಸೆಯಲ್ಲ. ಮರುವರ್ಷ ಬಿಜಿಎಂಐ ಎಂಬ ಹೆಸರಲ್ಲಿ ಅದು ಮರಳಿದಾಗ ರಕ್ತ ಹಸಿರಾಗಿತ್ತು. ಸೋತ ಸಂಕಟದ ಬಣ್ಣ ಬದಲಾಗಲಿಲ್ಲ, ಆಟವನ್ನು ನಡುವೆ ನಿಲ್ಲಿಸಿ ಎದ್ದುಹೋಗುವ ಅವಕಾಶವೂ ಬರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಶಟ್ ಕ್ಲಿನಿಕ್ ಇದೆ. ಮೊಬೈಲ್, ಗೇಮ್ ಬಿಡಲಾಗದವರಿಗೆ ಅಲ್ಲಿ ನೆರವು ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಗೇಮ್ ಚಟವನ್ನು ಕಾಯಿಲೆ ಎಂದು ಗುರುತಿಸುವಾಗಲೂ ಎಷ್ಟು ಗುಂಡು ಹಾರಿತು ಎಂದು ಕೇಳುವುದಿಲ್ಲ. ಆಟ ಕೈಮೀರಿದೆಯಾ, ಉಳಿದೆಲ್ಲಕ್ಕಿಂತ ಮುಂದೆ ನಿಂತಿದೆಯಾ, ನಷ್ಟವಾದರೂ ನಿಲ್ಲುತ್ತಿಲ್ಲವಾ ಎಂದು ಕೇಳುತ್ತದೆ.

ಈಗ ನಾನು ಕರೆಯುವ ಮೊದಲು ಪಕ್ಕ ಹೋಗಿ ಕೂರುತ್ತೇನೆ. 'ಎಷ್ಟು ಜನ ಉಳಿದಿದಾರೋ?' ಅಂತೀನಿ. ಅವನು ಸಂಖ್ಯೆ ಹೇಳುತ್ತಾನೆ. ಇದೊಂದು ಮುಗಿಸಿ ಬಾ, ಇನ್ನೊಂದು ಶುರು ಮಾಡಬೇಡ ಅಂತೀನಿ. ಕೆಲವು ದಿನ ಮಾತು ಉಳಿಸಿಕೊಳ್ಳುತ್ತಾನೆ, ಕೆಲವು ದಿನ ಇಲ್ಲ. ಸೋತ ದಿನ ಊಟದ ಹೊತ್ತಿಗೆ ಮುಖ ಊದಿಸಿಕೊಂಡೇ ಬರುತ್ತಾನೆ. ಆಗ ಅವನಿಗೆ ಎರಡು ತುತ್ತು ಒಳಗೆ ಹೋಗುವವರೆಗೂ ನಾವ್ಯಾರೂ ಏನೂ ಕೇಳುವುದಿಲ್ಲ.