ಹುಳುಕು ಬೇರೆ, ಮುಗ್ಗು ಬೇರೆ

ಮಳೆ ಶುರುವಾದರೆ ಸಾಕು, ವಾಟ್ಸಾಪಿನಲ್ಲಿ ಅದೇ ಸಂದೇಶ: 'ಹುಳುಕು ನೆಲಗಡಲೆ ತಿನ್ನಬೇಡಿ, ಅಫ್ಲಾಟಾಕ್ಸಿನ್ ವಿಷ ಇದೆ.' ಈ ಸಲ ಉಡುಪಿಯ ಮೂರು ಗುಂಪುಗಳಿಂದ ಬಂತು. ಎಚ್ಚರಿಕೆ ಸರಿಯೇ. ಪದ ತಪ್ಪು.

ಹುಳುಕಿನ ಒಳಗೇ ಹುಳು ಕೂತಿದೆ, ಕಾಣೋದಿಲ್ವಾ? ಹಳಗನ್ನಡದಲ್ಲಿ ಅದು ಪುೞು. ಪ ಹೋಗಿ ಹ ಬಂತು, ಈಗ ಬಳಕೆಯಲ್ಲಿಲ್ಲದ ೞ ಅಕ್ಷರ ಹೋಗಿ ಳ ಬಂತು, ಹುಳು ಆಯಿತು. ಅದೇ ೞ ತುಳುವಿನಲ್ಲಿ ರ ಆಯಿತು, ಹಾಗಾಗಿ ನಮ್ಮ ಪಕ್ಕದ ಮನೆಯಲ್ಲಿ ಅದು 'ಪುರಿ'. ತೆಲುಗಿನವರಿಗೆ ಪುರುಗು. ಹುಳು ಕೊರೆದು ಟೊಳ್ಳು ಮಾಡಿದ್ದು ಹುಳುಕು, ಅಷ್ಟೇ. ಹುಳುಕು ಹಲ್ಲಿನಲ್ಲಿ ಹುಳು ಎಲ್ಲಿದೆ ಅಂತ ಕೇಳಬೇಡಿ. ಹುಳುವೇ ಹಲ್ಲು ತಿನ್ನುತ್ತದೆ ಅಂತ ಹಿಂದಿನವರು ನಂಬಿದ್ದರು. ರಾಜಕಾರಣಿಗಳ ಹುಳುಕನ್ನೂ ಸದ್ಯಕ್ಕೆ ಬಿಡೋಣ.

ಅಫ್ಲಾಟಾಕ್ಸಿನ್ ಹುಳುವಿನ ಕೆಲಸವಲ್ಲ, ಬೂಷ್ಟಿನದು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ಹೆಸರನ್ನೇ ಚೂರುಮಾಡಿ, ಟಾಕ್ಸಿನ್ (ವಿಷ) ಅಂತ ಸೇರಿಸಿ ಇಟ್ಟಿದ್ದಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಸತ್ತವು. ಅವು ತಿಂದಿದ್ದ ನೆಲಗಡಲೆ ಹಿಂಡಿಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಇದು. ಇಂಥ ಕಡಲೆಗೆ ನಮ್ಮಲ್ಲಿ ಮುಗ್ಗು ಹಿಡಿದದ್ದು ಅನ್ನುವ ಚೊಕ್ಕ ಮಾತಿದೆ. ಅದನ್ನು ಬಿಟ್ಟು ಹುಳುಕು ಯಾಕೆ? ಮುಗ್ಗು ವಾಸನೆ ಇಲ್ಲದಿದ್ದರೂ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ, ಅದು ಬೇರೆ ಮಾತು.

ಸುಮ್ನೆ ಪದದ ಜಗಳವಲ್ಲ ಇದು. ಹುಳುವಿಗೆ ಹಾಕುವ ಕಹಿಬೇವಿನ ಎಲೆಯನ್ನು ಮುಗ್ಗಿಗೂ ಹಾಕಿ ಕೂತರೆ ಸಾಲದು, ಅದಕ್ಕೆ ಬೇಕಾದ್ದು ಬಿಸಿಲು. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಬೈಂದೂರು ಕಡೆ ಬೇಸಿಗೆಯಲ್ಲಿ ಕಿತ್ತ ಕಡಲೆಯನ್ನು ಮಳೆಗೆ ಮೊದಲೇ ಹಾಗೆ ಒಣಗಿಸಿಟ್ಟರೆ ಅರ್ಧ ಗೆದ್ದಂತೆ. ಹುಳುವಿಗೆ ಮದ್ದು ಬೇರೆ: ಸಿಪ್ಪೆ ಬಿಡಿಸದೆ, ಒಡೆದ ಕಾಯಿ ಆರಿಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಮುಚ್ಚಿಡುವುದು. ಕೂಡಿಟ್ಟ ಕಾಳಿಗೆ ಬೀಳುವ ಕೆಂಪು ಬಣ್ಣದ ಹಿಟ್ಟು ದುಂಬಿಗಾಗಲಿ ಅಕ್ಕಿ ಪತಂಗಕ್ಕಾಗಲಿ ಗಟ್ಟಿ ಸಿಪ್ಪೆ ಕೊರೆಯಲು ಬರುವುದಿಲ್ಲ. ಹಸಿ ಕಡಲೆಯನ್ನು ಅದೇ ಡ್ರಮ್ಮಿಗೆ ತುಂಬಿದಿರೋ, ಮುಗ್ಗು ಗ್ಯಾರಂಟಿ. ಹುಳು ಕೊರೆದ ತೂತಿನಲ್ಲಿ ಬೂಷ್ಟು ಸುಲಭವಾಗಿ ನುಗ್ಗುತ್ತದೆ ನಿಜ, ಗೊಂದಲ ಹುಟ್ಟಿದ್ದೂ ಅಲ್ಲೇ ಇರಬೇಕು.

ಗಟ್ಟಿ ಸಿಪ್ಪೆಯನ್ನೂ ಕೊರೆಯುವವನು ಒಬ್ಬನಿದ್ದಾನೆ, ಬ್ರುಕಿಡ್ ದುಂಬಿ. ಮೊಟ್ಟೆಯನ್ನು ಸಿಪ್ಪೆಯ ಮೇಲೆ ಅಂಟಿಸುತ್ತದೆ, ಮರಿ ನೇರ ಬೀಜಕ್ಕೆ ಇಳಿಯುತ್ತದೆ. ಅದರ ಇನ್ನೊಂದು ಮನೆ ಹುಣಸೆಕಾಯಿ. ನಮ್ಮ ಅಟ್ಟದಲ್ಲಿ ಎರಡೂ ಗೋಣಿ ಅಕ್ಕಪಕ್ಕ ಇದ್ದವು.